ಗರುಡನ ಕಣ್ಣು ಇನ್ನೊಬ್ಬರ ಮೀನಿನ ಮೇಲೆ

ಮದ್ದೂರು ಎಂದರೆ ವಡೆ, ಮಂಡ್ಯ ಎಂದರೆ ಬೆಲ್ಲ, ಮಳವಳ್ಳಿ ಎಂದರೆ ಗಗನಚುಕ್ಕಿಗೆ ಹೋಗುವ ದಾರಿ. ಬೆಂಗಳೂರು–ಮೈಸೂರು ನಡುವೆ ಓಡಾಡುವ ಹೆಚ್ಚಿನವರ ಲೆಕ್ಕ ಇಷ್ಟಕ್ಕೇ ಮುಗಿಯುತ್ತದೆ. ಉದ್ದನೆಯ ಲೆನ್ಸು ಹೆಗಲಿಗೇರಿಸಿಕೊಂಡು ಬರುವವರ ಲೆಕ್ಕ ಬೇರೆ. ಅವರಿಗೆ ಬೇಕಿರುವುದು ತೈಲೂರು ಕೆರೆ ಏರಿ, ಸೂಳೆಕೆರೆಯ ಅಂಚು, ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳು, ಶಿಂಷಾ ದಂಡೆ. ಹದ್ದು ಬೇಟೆಯಾಡುವುದನ್ನು ಎಲ್ಲಾದರೂ ನೋಡಬಹುದು. ಒಂದು ಹಕ್ಕಿ ಹಿಡಿದದ್ದನ್ನು ಇನ್ನೊಂದು ಆಕಾಶದಲ್ಲೇ ಕಸಿಯುವುದನ್ನು ನೋಡಬೇಕಾದರೆ ಈ ಕಡೆ ಬರಬೇಕು.

ಇದಕ್ಕೆಲ್ಲ ಕಾರಣ ನೀರು. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಈ ಮೂರೂ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ಮಳೆಗಾಲದಲ್ಲಿ ತುಂಬಿದ ಕೆರೆ ಫೆಬ್ರುವರಿ ಹೊತ್ತಿಗೆ ಇಳಿಯತೊಡಗಿ, ಮೀನೆಲ್ಲ ಮೊಣಕಾಲುದ್ದದ ನೀರಿಗೆ ಬಂದು ಸೇರುತ್ತದೆ. ನೀರುಕಾಗೆ, ಬಕ, ಬೆಳ್ಳಕ್ಕಿ, ಹೆಜ್ಜಾರ್ಲೆ ಎಲ್ಲ ಒಂದೇ ತಟ್ಟೆಗೆ ಕೈ ಹಾಕುತ್ತವೆ. ಸುತ್ತ ಬಯಲು, ಮರೆಯೆಂಬುದಿಲ್ಲ. ಯಾರಿಗೆ ಏನು ಸಿಕ್ಕಿತೆಂಬುದು ಮೇಲೆ ಸುತ್ತುವವರಿಗೆಲ್ಲ ಕಾಣುತ್ತದೆ. ಕದಿಯಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಕದಿಯುವವರಲ್ಲಿ ಮುಂದಿರುವುದು ನಾವು ಕಂಡೊಡನೆ ಕೆನ್ನೆ ಬಡಿದುಕೊಳ್ಳುವ ಗರುಡ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ತಾಯಿಯ ದಾಸ್ಯ ಬಿಡಿಸಲು ದೇವಲೋಕಕ್ಕೇ ನುಗ್ಗಿ ಅಮೃತ ಹೊತ್ತು ತಂದವನ ವಂಶ ತಾನೆ! ಕಾಲಲ್ಲಿ ಮೀನು ಹಿಡಿದು ಹೊರಟ ಇನ್ನೊಂದು ಹದ್ದನ್ನು ಕಂಡರೆ ಗರುಡ ನೇರ ಮೇಲೆ ಬೀಳುವುದು ಕಡಿಮೆ. ಹಿಂದೆಯೇ ಹಾರುತ್ತದೆ, ತಿರುಗಿದಾಗ ತಿರುಗುತ್ತದೆ, ಎತ್ತರಕ್ಕೇರಿ ಒತ್ತಡ ಹಾಕುತ್ತದೆ. ಭಾರ ಹೊತ್ತವನಿಗೆ ಸುಸ್ತು ಬೇಗ. ಕೊನೆಗೆ ಮೀನು ಬಿಟ್ಟುಬಿಡುತ್ತದೆ. ಬಿಟ್ಟ ಮೀನು ನೀರಿಗೆ ತಾಗುವ ಮೊದಲೇ ಹಿಡಿದರೆ ಗರುಡ ಗೆದ್ದಂತೆ. ಎಷ್ಟೋ ಸಲ ಮೀನು ಕೆಸರಿಗೆ ಬಿದ್ದು ಕಾಗೆಯ ಪಾಲಾಗುತ್ತದೆ. ಕಳ್ಳತನ ಸೋಮಾರಿಯ ಕಸುಬು ಎನ್ನುವವರು ಈ ಅಟ್ಟಾಟವನ್ನು ಒಮ್ಮೆ ನೋಡಬೇಕು.

ಬರಿಗಣ್ಣಿಗೆ ಇದೆಲ್ಲ ರೆಕ್ಕೆಗಳ ಒಂದು ಗೊಂದಲ. ಎರಡು ಸಾವಿರದಲ್ಲೊಂದು ಸೆಕೆಂಡಿನ ಶಟರ್ ವೇಗದಲ್ಲಿ ಸಾಲಾಗಿ ತೆಗೆದ ಚಿತ್ರಗಳನ್ನು ಒಂದೊಂದಾಗಿ ಬಿಡಿಸಿದಾಗಲೇ ಕತೆ ತಿಳಿಯುವುದು: ಮೊದಲನೆಯದರಲ್ಲಿ ಕೆಳಗಿನ ಹಕ್ಕಿ ಬೆನ್ನಡಿಯಾಗಿ ಉಗುರು ಚಾಚಿದೆ, ಮುಂದಿನದರಲ್ಲಿ ಮೀನು ಎರಡು ಹಕ್ಕಿಗಳ ನಡುವೆ ಅಂತರದಲ್ಲಿದೆ. ಯಾರು ಯಾರೆಂದು ಗುರುತಿಸಲೂ ಚಿತ್ರವೇ ಬೇಕು. ಮರಿಗರುಡ ಕಂದು ಬಣ್ಣದ್ದು, ಮಾಮೂಲಿ ಹದ್ದಿನಂತೆಯೇ ಕಾಣುತ್ತದೆ. ಬಾಲದ ತುದಿ ದುಂಡಗಿದ್ದರೆ ಗರುಡ, ಕವಲಾಗಿದ್ದರೆ ಹದ್ದು. ಇನ್ನೊಂದು ತಾಪತ್ರಯ ಗರುಡನ ತಲೆ. ಬಿಸಿಲೇರಿದರೆ ಆ ಬಿಳುಪು ಚಿತ್ರದಲ್ಲಿ ಸುಣ್ಣ ಬಳಿದಂತಾಗಿ ಗರಿಯ ಗೆರೆಯೇ ಉಳಿಯುವುದಿಲ್ಲ. ಬೆಳಕನ್ನು ತುಸು ತಗ್ಗಿಸಿಕೊಂಡೇ ತೆಗೆಯಬೇಕು.

ಚಳಿಗಾಲಕ್ಕೆ ಉತ್ತರದಿಂದ ಬರುವ ಜೌಗು ಸೆಳೆವ ಎಂಬ ಬೇಟೆಹಕ್ಕಿ ಮತ್ತು ಆಸ್‌ಪ್ರೇ ಈ ಜಗಳಕ್ಕೆ ಹೊಸ ಕಕ್ಷಿಗಾರರು. ಆಸ್‌ಪ್ರೇ ನೀರಿಗೆ ಧುಮುಕಿ ಮೀನು ಹಿಡಿಯುವುದರಲ್ಲಿ ನಿಪುಣ. ಹಿಡಿದ ಮೀನಿನ ತಲೆಯನ್ನು ಗಾಳಿಗೆ ಎದುರಾಗಿ ತಿರುಗಿಸಿಕೊಂಡು ಒಯ್ಯುತ್ತದೆ. ಅಷ್ಟು ದುಡಿದವನಿಗೇ ಲೂಟಿಯ ಕಾಟ ಜಾಸ್ತಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ, ಮೀನು ಹಿಡಿಯುವ ಹಕ್ಕಿಯಿಂದ ಕಸಿದು ತಿನ್ನುವ ತಮ್ಮ ದೇಶದ ಬೋಳು ಹದ್ದಿಗೆ ಶೀಲವೇ ಇಲ್ಲವೆಂದು ಗೊಣಗಿದ್ದ. ನಮ್ಮಲ್ಲಿ ಗರುಡನ ಬಗ್ಗೆ ಹಾಗೆ ಬರೆಯುವ ಧೈರ್ಯ ಯಾರಿಗಿದೆ?

ಮಂಡ್ಯ ಸೀಮೆಯಲ್ಲಿ ಒಂದೇ ಊರು ನೋಡಲು ಪುರುಸೊತ್ತಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಹೆದ್ದಾರಿಯ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಸುಮಾರು 12 ಕಿಲೋಮೀಟರ್. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಹೊರಗಿನವರಿಗೆ ಪರಿಚಯಿಸಿದ ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿನ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ‘ಹೆಜ್ಜಾರ್ಲೆ ಬಳಗ’ ಎಂಬ ಊರಿನ ಗುಂಪಿನವರು ಮೀನು ಹಾಕಿ ಸಾಕುತ್ತಾರೆ. ಬಣ್ಣದ ಕೊಕ್ಕರೆ ಮರಿಗಳ ಮುಂದೆ ಗೂಡಿನೊಳಗೇ ಮೀನು ಕಕ್ಕುತ್ತದೆ. ಚೆಲ್ಲಿದ್ದು, ಜಾರಿದ್ದು ಕೊಂಬೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹದ್ದುಗಳು ಮರ ಸುತ್ತುವುದು ಇದಕ್ಕೇ. ಕಾಯುವವರಿಲ್ಲದ ಮೊಟ್ಟೆ, ಮರಿಗಳ ಮೇಲೂ ಅವುಗಳ ಕಣ್ಣಿದೆ. ಹಾಗಾಗಿ ಗೂಡಿನ ಬುಡದಲ್ಲಿ ಗದ್ದಲ ಮಾಡಿ ತಾಯಿಹಕ್ಕಿಯನ್ನು ಎಬ್ಬಿಸುವವನು ಹದ್ದಿಗೆ ಬಾಗಿಲು ತೆಗೆದುಕೊಟ್ಟಂತೆ.

ಕೋಳಿ ಅಂಗಡಿಯ ತ್ಯಾಜ್ಯ ಎರಚಿ ಹದ್ದು ಸೇರಿಸಿ ಚಿತ್ರ ತೆಗೆಯುವ ಚಾಳಿಯೂ ಅಲ್ಲಲ್ಲಿ ಉಂಟು. ಅಂಥ ಚಿತ್ರದಲ್ಲಿ ಜಗಳವಿರುತ್ತದೆ, ಹಕ್ಕಿಯ ಬದುಕಿರುವುದಿಲ್ಲ. ಏರಿಯ ಮೇಲೆ ಬೆನ್ನಿಗೆ ಬಿಸಿಲು ಬರುವಂತೆ ಸುಮ್ಮನೆ ಕೂತರೆ ಸಾಕು. ಬಲೆ ಎಳೆಯುವ ದಿನವಾದರೆ ಹದ್ದುಗಳನ್ನು ಹುಡುಕಬೇಕಿಲ್ಲ, ತಾವಾಗಿ ಬರುತ್ತವೆ.

ಫೆಬ್ರುವರಿಯಲ್ಲಿ ಬಂದರೆ ಚಳಿಗಾಲದ ಅತಿಥಿಗಳೂ ಸಿಗುತ್ತವೆ, ಬೆಳ್ಳೂರಿನ ಗೂಡುಗಳೂ ತುಂಬಿರುತ್ತವೆ. ಇನ್ನೊಂದು ದಿನ ಕೈಯಲ್ಲಿದ್ದರೆ ಮಳವಳ್ಳಿ ದಾಟಿ ಮುತ್ತತ್ತಿಗೆ ಇಳಿಯಿರಿ. ಅಲ್ಲಿ ಕಾವೇರಿ ದಡದ ಮತ್ತಿಮರಗಳಲ್ಲಿ ಬೂದುತಲೆಯ ಮೀನುಹದ್ದು ಇದೆ. ಅದು ಮೀನು ಹಿಡಿದು ಎಲೆಗಳ ಮರೆಗೆ ಸೇರಿ ತಿನ್ನುವುದರಿಂದ, ಕೆರೆಬಯಲಿನ ಕಿತ್ತಾಟ ಅಲ್ಲಿ ಅಷ್ಟಾಗಿ ಕಾಣಸಿಗುವುದಿಲ್ಲ.