ಕೆಲವು ಜೇನುಗೂಡಿಗೆ ಮಾತ್ರ ಯಾಕಿಷ್ಟು ರಾಳ?

ವಾಡಿ, ಶಹಾಬಾದ್ ಕಡೆಯ ಜಾಲಿಕಂಟಿಗಳಲ್ಲಿ ಕೋಲುಜೇನು ಕಟ್ಟುವುದು ಹೊಸದೇನಲ್ಲ. ತೆಳ್ಳನೆಯ ಕೊಂಬೆ, ಅದಕ್ಕೆ ಜೋತುಬಿದ್ದ ಅಂಗೈಯಗಲದ ಒಂದೇ ಎರಿ, ಅದರ ಮೇಲೆ ಪದರಪದರವಾಗಿ ಕೂತ ಹುಳಗಳು. ಜೇನು ಇಳಿಸುವವರ ಕಣ್ಣು ಎರಿಯ ಮೇಲೆಯೇ ಇರುತ್ತದೆ. ಎರಿಯನ್ನು ಬಿಟ್ಟು ಅದರ ಎಡಬಲದ ಕೊಂಬೆಯನ್ನು ಒಮ್ಮೆ ನೋಡಿ. ಎರಡೂ ಕಡೆ ಬೆರಳೆರಡು ಅಗಲದಷ್ಟು ತೊಗಟೆ ಕಂದು ಬಣ್ಣಕ್ಕೆ ತಿರುಗಿ ಮಿರುಗುತ್ತಿರುತ್ತದೆ. ಮುಟ್ಟಿದರೆ ಬೆರಳು ಅಂಟಿಕೊಳ್ಳುತ್ತದೆ. ಗಿಡಗಳಿಂದ ಹೊತ್ತು ತಂದ ರಾಳವನ್ನು ಹುಳಗಳು ಅಲ್ಲಿ ಬಳಿದಿವೆ. ಇರುವೆಗೆ ಎರಿ ತಲುಪಲು ಆ ಕೊಂಬೆಯ ಹೊರತು ಬೇರೆ ದಾರಿಯಿಲ್ಲ. ಬಂದರೆ ಈ ಪಟ್ಟಿಯಲ್ಲಿ ಕಾಲು ಸಿಕ್ಕಿಬೀಳುತ್ತದೆ.

ಈ ಪಟ್ಟಿ ಒಂದೇ ಅಳತೆಯಲ್ಲಿ ಇರುವುದಿಲ್ಲ. ಥಾಯ್ಲೆಂಡಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಗಳು ಹತ್ತಿರ ಬಂದಾಗ ಕೋಲುಜೇನು ಹೆಚ್ಚು ರಾಳ ತಂದು ಬಳಿಯಿತು. ಹಳೆಯದಾಗಿ ಒಣಗಿದ ಪಟ್ಟಿ ಇರುವೆಯನ್ನು ತಡೆಯದು, ಹಾಗಾಗಿ ಹಸಿ ರಾಳವನ್ನು ಮತ್ತೆ ಮತ್ತೆ ಹಚ್ಚುತ್ತಲೇ ಇರಬೇಕು. ಕಲ್ಲಿನ ಗಣಿಗಳ ಬಿಳಿ ಧೂಳು ಎಲೆಯೆಲೆಗೂ ಕೂರುವ ಊರುಗಳಲ್ಲಿ ಈ ಕೆಲಸ ಇಮ್ಮಡಿ ಎಂದೇ ನನ್ನ ಲೆಕ್ಕ. ಧೂಳು ಮೆತ್ತಿದ ಅಂಟಿನ ಮೇಲೆ ಇರುವೆ ಸಲೀಸಾಗಿ ನಡೆದುಹೋದೀತು.

ಹುಳಗಳು ಹೀಗೆ ಕೂಡಿಹಾಕುವ ರಾಳಕ್ಕೆ ಪ್ರೊಪೊಲಿಸ್ ಎಂದು ಹೆಸರು. ಸಾಮಾನ್ಯವಾಗಿ ಅದರಲ್ಲಿ ಅರ್ಧದಷ್ಟು ರಾಳ, ಮೂರರಲ್ಲೊಂದು ಪಾಲಿನಷ್ಟು ಮೇಣ, ಉಳಿದದ್ದು ಸುವಾಸನೆಯ ಎಣ್ಣೆ, ಪರಾಗ, ಇತ್ಯಾದಿ. ಪೆಟ್ಟಿಗೆಯಲ್ಲಿ ಜೇನು ಸಾಕುವವರಿಗೆ ಇದು ದೊಡ್ಡ ತಲೆನೋವು. ಒಂದು ಪೆಟ್ಟಿಗೆಯ ಮುಚ್ಚಳ ಬೆರಳಿಗೇ ಎದ್ದು ಬರುತ್ತದೆ, ಪಕ್ಕದ ಪೆಟ್ಟಿಗೆಯದನ್ನು ಉಳಿ ಹಾಕಿ ಮೀಟಬೇಕು. ಚೌಕಟ್ಟುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಎರಡಕ್ಕೂ ಒಂದೇ ಹೊಲ, ಒಂದೇ ಬಿಸಿಲು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಒಂದು ಕುಟುಂಬ ಚುರುಕು, ಇನ್ನೊಂದು ಸೋಮಾರಿ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಅದು ತಪ್ಪು ಲೆಕ್ಕ.

ಮೊದಲು ಹುಳ ಯಾವುದು ಎಂದು ಕೇಳಬೇಕು. ನಮ್ಮ ತುಡುವೆ ಜೇನಿಗೂ ಪ್ರೊಪೊಲಿಸ್‌ಗೂ ಸಂಬಂಧವೇ ಇಲ್ಲ ಎನ್ನಬಹುದು. ಸಂದು ಮುಚ್ಚಲು ಅದಕ್ಕೆ ಮೇಣವೇ ಸಾಕು. ಕೊಡಗು, ದಕ್ಷಿಣ ಕನ್ನಡಗಳಲ್ಲಿ ತಲೆಮಾರುಗಳಿಂದ ತುಡುವೆ ಸಾಕಿದ ಮನೆಗಳಿಗೆ ಈ ಅಂಟಿನ ಕಾಟ ಗೊತ್ತಿರಲಿಲ್ಲ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಕರ್ನಾಟಕದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿತು. ಆಮೇಲೆ ಮೆಲ್ಲಿಫೆರಾ ಎಂಬ ಯುರೋಪಿನ ಜೇನು ಇಲ್ಲಿ ಬೇರೂರಿತು, ಅದರ ಬೆನ್ನಿಗೇ ಪ್ರೊಪೊಲಿಸ್ ಮಾತೂ ಬಂತು. ಕುಟುಕಲಾರದ ಪುಟ್ಟ ಮುಜಂಟಿ ಜೇನಂತೂ ಇವರೆಲ್ಲರನ್ನೂ ಮೀರಿಸಿದ್ದು. ಹಳೆಯ ಕಲ್ಲುಗೋಡೆಯ ಸಂದಿನಲ್ಲೋ ಮರದ ಪೊಟರೆಯಲ್ಲೋ ಅದು ಕಟ್ಟುವ ಗೂಡು ಒಳಗೂ ಹೊರಗೂ ಮೇಣ ಬೆರೆತ ರಾಳವೇ. ಬಾಗಿಲಿನ ಕೊಳವೆಯನ್ನೂ ಅದರಿಂದಲೇ ಮಾಡುತ್ತದೆ.

ಇನ್ನು ನೆಲದ ಮಾತು. ಜೇನುಹುಳ ತನ್ನ ಮೈಯಲ್ಲಿ ಮೇಣ ಮಾಡಿಕೊಳ್ಳಬಲ್ಲದು, ರಾಳ ಮಾಡಿಕೊಳ್ಳಲಾರದು. ಗಿಡ ಕೊಟ್ಟರೆ ಉಂಟು. ಸೇಡಂ, ಚಿತ್ತಾಪುರದ ಎರೆಹೊಲಗಳಲ್ಲಿ ತೊಗರಿ, ಕುಸುಬೆ, ಸೂರ್ಯಕಾಂತಿ ಹೂಬಿಟ್ಟಾಗ ಹುಳಕ್ಕೆ ಮಕರಂದವೂ ಪರಾಗವೂ ಸಿಗುತ್ತವೆ. ರಾಳ ಬೇರೆಯೇ ಸರಕು. ಜಾಲಿ, ಬೇವಿನ ಮರಗಳಿಂದ ಒಸರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅದು ರಾಳ ಅಲ್ಲ, ಗೋಂದು. ಬಾಣಂತಿಗೆ ಅಂಟಿನುಂಡೆ ಕಟ್ಟುವ ಅಂಟು. ಗೋಂದು ನೀರಿನಲ್ಲಿ ಕರಗುತ್ತದೆ. ಒಂದು ಮಳೆಗೆ ತೊಳೆದುಹೋಗುವ, ಸೂಕ್ಷ್ಮಜೀವಿಗಳನ್ನು ತಡೆಯದ ಆ ಸಿಹಿಗಂಜಿಯಿಂದ ಗೂಡಿಗೆ ಉಪಯೋಗವಿಲ್ಲ. ರಾಳ ನೀರಿಗೆ ಜಗ್ಗುವುದಿಲ್ಲ. ಕೀಟ, ಶಿಲೀಂಧ್ರಗಳಿಂದ ತನ್ನ ಚಿಗುರನ್ನೂ ಗಾಯವನ್ನೂ ಕಾಪಾಡಿಕೊಳ್ಳಲು ಗಿಡ ತಾನೇ ಸುರಿಸುವ ಔಷಧಿ ಅದು. ಮಾವಿನ ಸೊನೆ, ಬಿಕ್ಕೆ ಗಿಡದ ಎಲೆಮೊಗ್ಗಿಗೆ ಹತ್ತಿದ ಅಂಟು, ಧೂಪದ ಮರದ ಒಸರು ಇವೆಲ್ಲ ಆ ಸಾಲಿನವು.

2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರಿನ ಒಣಕಾಡಿನ ಅಂಚಿಗೆ ಇಟ್ಟ ಪೆಟ್ಟಿಗೆಗೂ, ಕಣ್ಣು ಹರಿಯುವಷ್ಟು ದೂರ ತೊಗರಿಯೊಂದೇ ಇರುವ ಹೊಲದ ಪೆಟ್ಟಿಗೆಗೂ ಅಂತರ ಬೀಳುವುದು ಇಲ್ಲೇ. ಯುರೋಪಿನ ಹುಳ ಅಲ್ಲಿ ಪಾಪ್ಲರ್ ಮರದ ಮೊಗ್ಗುಗಳನ್ನು ನೆಚ್ಚಿಕೊಂಡಿದೆ. ಬ್ರೆಜಿಲ್‌ನ ಹೆಸರುವಾಸಿ ಹಸಿರು ಪ್ರೊಪೊಲಿಸ್ ಬ್ಯಾಕರಿಸ್ ಎಂಬ ಒಂದು ಪೊದೆಯ ಕೊಡುಗೆ. ಗಿಡದಲ್ಲಿ ಸಿಗದಿದ್ದರೆ ಹುಳ ಸುಮ್ಮನೆ ಕೂರುತ್ತದೆಯೇ? ಸೌದಿ ಅರೇಬಿಯಾದ ರಿಯಾದ್ ನಗರದ ಪ್ರೊಪೊಲಿಸ್ ಪರೀಕ್ಷಿಸಿದಾಗ ಅದರಲ್ಲಿ ರಸ್ತೆಯ ಡಾಂಬರಿನ ಗುರುತು ಸಿಕ್ಕಿತೆಂದು 2015ರಲ್ಲಿ ವರದಿಯಾಯಿತು. ಬಿಸಿಲಿಗೆ ಮೆತ್ತಗಾದ ಡಾಂಬರನ್ನು ಹುಳ ರಾಳವೆಂದೇ ಹೊತ್ತೊಯ್ದಿತ್ತು.

ಒಂದೇ ಹೊಲದ ಎರಡು ಮೆಲ್ಲಿಫೆರಾ ಪೆಟ್ಟಿಗೆಗಳ ಒಗಟು ಇದರಿಂದ ಬಿಡಲಿಲ್ಲ. ಅಲ್ಲಿ ನೋಡಬೇಕಾದ್ದು ರಾಣಿಯನ್ನು. ಕಾಕಸಸ್ ಪರ್ವತದ ಮೆಲ್ಲಿಫೆರಾ ತಳಿ ಬಾಗಿಲನ್ನೇ ಅರ್ಧ ಮುಚ್ಚುವಷ್ಟು ಪ್ರೊಪೊಲಿಸ್ ತುಂಬುತ್ತದೆ. ಇಟಲಿಯ ತಳಿ ಕೈ ಬಿಗಿಹಿಡಿದದ್ದು, ಭಾರತದಲ್ಲಿ ಹರಡಿರುವುದು ಹೆಚ್ಚಾಗಿ ಅದೇ. ಬ್ರೆಜಿಲ್‌ನಲ್ಲಿ ಹೆಚ್ಚು ಕೊಡುವ ಕುಟುಂಬಗಳನ್ನೇ ಆರಿಸಿ ಸಂತಾನ ಬೆಳೆಸಿದಾಗ ಮರಿ ಕುಟುಂಬಗಳ ಇಳುವರಿಯೂ ಏರಿತು. ಅಂದರೆ ಈ ಗುಣ ರಕ್ತದಲ್ಲೇ ಇಳಿದು ಬರುತ್ತದೆ. ರಾಣಿ ಒಂದಲ್ಲ, ಹತ್ತಾರು ಗಂಡುಗಳೊಂದಿಗೆ ಕೂಡುವುದರಿಂದ ಒಂದೇ ಗೂಡಿನೊಳಗೂ ಹಲವು ತಂದೆಯರ ಮಕ್ಕಳಿರುತ್ತಾರೆ, ಅವರಲ್ಲಿ ರಾಳದ ಹುಚ್ಚು ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ರಾಣಿಯನ್ನು ಬದಲಿಸಿದರೆ ಒಂದೆರಡು ತಿಂಗಳಲ್ಲಿ ಹಳೆಯ ಕೆಲಸಗಾರರು ಸತ್ತು ಗೂಡಿನ ಸ್ವಭಾವವೇ ಬೇರೆಯಾಗುತ್ತದೆ.

ರಾಳ ತರುವ ಕೆಲಸಗಾರರಾದರೂ ಎಷ್ಟು ಮಂದಿ? ಹತ್ತಾರು ಸಾವಿರ ಹುಳಗಳ ಗೂಡಿನಲ್ಲಿ ರಾಳಕ್ಕೆ ಹೋಗುವವು ಬೆರಳೆಣಿಕೆಯಷ್ಟು, ಅವೂ ವಯಸ್ಸಾದವು. ರಾಳ ಮೆತ್ತಗಾಗುವ ಬಿಸಿಲೇರಿದ ಹೊತ್ತಿನಲ್ಲಿ ಹೊರಡುತ್ತವೆ. ಹುಳ ದವಡೆಯಿಂದ ಕಚ್ಚಿ, ಎಳೆದು, ಎಳೆಯಾಗಿ ಕಿತ್ತುಬಂದ ತುಣುಕನ್ನು ಮುಂಗಾಲಿಗೆ, ಅಲ್ಲಿಂದ ನಡುಗಾಲಿಗೆ, ಕೊನೆಗೆ ಹಿಂಗಾಲಿನ ಪರಾಗದ ಬುಟ್ಟಿಗೆ ದಾಟಿಸಿ ಒತ್ತುತ್ತದೆ. ಪರಾಗದ ಉಂಡೆಯನ್ನಾದರೆ ತಾನೇ ಕಾಲಿನಿಂದ ಉದುರಿಸಬಲ್ಲದು. ರಾಳವನ್ನು ಬಿಡಿಸಿಕೊಳ್ಳಲು ಅದಕ್ಕಾಗದು. ಗೂಡಿಗೆ ಬಂದು ಸುಮ್ಮನೆ ನಿಲ್ಲುತ್ತದೆ. ಬೇರೆ ಹುಳಗಳು ಬಂದು ಕಚ್ಚಿ ಕಚ್ಚಿ ತುಣುಕು ಎಳೆದುಕೊಂಡು ಬೇಕಾದಲ್ಲಿ ಮೆತ್ತುತ್ತವೆ. ಕೆಲವೊಮ್ಮೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಇಂಥ ನಾಲ್ಕು ಹುಳ ಹೆಚ್ಚೋ ಕಡಿಮೆಯೋ ಆದರೆ ವರ್ಷದ ಕೊನೆಗೆ ಗ್ರಾಮಿನಲ್ಲಿ ಕಾಣುವ ಅಂತರ ದೊಡ್ಡದು.

ಪೆಟ್ಟಿಗೆ ಮಾಡಿದ ಬಡಗಿಯ ಕೈವಾಡವೂ ಇದೆ, ನಾವು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮರದ ಪೊಟರೆಯಲ್ಲಿ ತಾವಾಗಿ ನೆಲೆಸಿದ ಮೆಲ್ಲಿಫೆರಾ ಗೂಡುಗಳನ್ನು ಥಾಮಸ್ ಸೀಲಿ ಮತ್ತು ರೋಜರ್ ಮೋರ್ಸ್ ಅಮೆರಿಕದಲ್ಲಿ ಸೀಳಿ ನೋಡಿದ್ದರು. 1976ರ ಅವರ ವರದಿಯಂತೆ ಪೊಟರೆಯ ಒಳಗೋಡೆಗೆಲ್ಲ ಅರ್ಧ ಮಿಲಿಮೀಟರಿಗೂ ಒಳಗಿನ ತೆಳು ಪ್ರೊಪೊಲಿಸ್ ಲೇಪ ಹಬ್ಬಿತ್ತು, ಮನೆ ಕಟ್ಟಿ ಗಾರೆ ಬಳಿದ ಹಾಗೆ. ಒರಟು ಮೈ, ಬಿರುಕು ಕಂಡಲ್ಲಿ ಹುಳಕ್ಕೆ ಬಳಿಯುವ ಚಪಲ ಏಳುತ್ತದೆ. ನಾವೋ ಹಲಗೆಗೆ ನುಣ್ಣಗೆ ಹತ್ತರಿ ಹೊಡೆಸುತ್ತೇವೆ. ಒಳಮೈಯನ್ನು ಬೇಕೆಂದೇ ಒರಟು ಮಾಡಿದ ಪೆಟ್ಟಿಗೆಗಳಲ್ಲಿ ಹುಳಗಳು ಹೆಚ್ಚು ಪ್ರೊಪೊಲಿಸ್ ಬಳಿದವೆಂದು 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿದೆ.

ಸಾಕಣೆದಾರರು ಅಂಟು ಕಡಿಮೆ ಇರುವ ತಳಿಯನ್ನೇ ದಶಕಗಳಿಂದ ಆರಿಸಿಕೊಂಡು ಬಂದದ್ದು ತಮ್ಮ ಅನುಕೂಲಕ್ಕೆ. ಹುಳಕ್ಕೆ ಅದರಿಂದ ನಷ್ಟವೇ ಆಗಿರಬಹುದು. ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಳಗೋಡೆಗೆ ಪ್ರೊಪೊಲಿಸ್ ಸಾರ ಬಳಿದ ಪೆಟ್ಟಿಗೆಯ ಹುಳಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇತ್ತು, ಅವುಗಳ ರೋಗನಿರೋಧಕ ವ್ಯವಸ್ಥೆ ಅಷ್ಟು ದುಡಿಯಬೇಕಾಗಿಯೂ ಬರಲಿಲ್ಲ. 2012ರಲ್ಲಿ ಅದೇ ತಂಡ ಚಾಕ್‌ಬ್ರೂಡ್ ಎಂಬ ಶಿಲೀಂಧ್ರ ರೋಗವನ್ನು ಗೂಡಿಗೆ ಸೋಕಿಸಿದಾಗ ರಾಳ ತರುವ ಹುಳಗಳ ಸಂಖ್ಯೆ ಏರಿತು. ಇರುವೆ ಹತ್ತಿರ ಬಂದಾಗ ಕೋಲುಜೇನು ಎಚ್ಚೆತ್ತದ್ದಕ್ಕೂ ಇದಕ್ಕೂ ನಂಟು ಕಾಣುತ್ತದೆ. ಆದರೆ ಎಲ್ಲ ರೋಗಕ್ಕೂ ಗೂಡು ಹೀಗೆ ಸ್ಪಂದಿಸುವುದಿಲ್ಲ. ಹಾಗಾಗಿ ಪೆಟ್ಟಿಗೆ ತುಂಬ ಅಂಟಿರುವುದು ಆರೋಗ್ಯದ ಗುರುತೂ ಇರಬಹುದು, ಕಾಯಿಲೆಯ ಗುರುತೂ ಇರಬಹುದು.

ಹೂವಿನ ಕಾಲಕ್ಕೆ ಮೆಲ್ಲಿಫೆರಾ ಪೆಟ್ಟಿಗೆ ಹೊತ್ತು ಊರೂರು ಅಲೆಯುವವರು ಪ್ರೊಪೊಲಿಸ್ ಬೇಕೆಂದರೆ ಚೌಕಟ್ಟುಗಳ ಮೇಲೆ ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ಜಾಲರಿ ಹಾಸಿದರಾಯಿತು. ಆರು ಮಿಲಿಮೀಟರಿಗಿಂತ ಕಿರಿದಾದ ಸಂದನ್ನು ಹುಳ ತೆರೆದಿಡುವುದಿಲ್ಲ, ರಾಳ ತುಂಬಿ ಮುಚ್ಚುತ್ತದೆ. ಜಾಲರಿಯನ್ನು ಫ್ರಿಜ್ಜಿನಲ್ಲಿಟ್ಟು ತಣಿಸಿ ಬಗ್ಗಿಸಿದರೆ ಪ್ರೊಪೊಲಿಸ್ ಚೂರುಚೂರಾಗಿ ಉದುರುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಣಿಸದೆ ಕೆರೆಯಲು ಹೋದರೆ ಕೈಗೆ ಮೆತ್ತುವುದಷ್ಟೇ ಲಾಭ. ಒಳಗೋಡೆಯ ಲೇಪವನ್ನು ಕೆರೆಯದೆ ಹುಳಕ್ಕೆ ಬಿಡಬೇಕು. ಲಾರಿಗಳು ಓಡುವ ಹೆದ್ದಾರಿ, ಕಾರ್ಖಾನೆಗಳ ಪಕ್ಕದಲ್ಲಿ ಕೂಡಿಸಿದ್ದನ್ನು ಔಷಧಿಯೆಂದು ಮಾರುವ ಮೊದಲು ಪ್ರಯೋಗಾಲಯದಲ್ಲಿ ಸೀಸ ಮತ್ತು ಡಾಂಬರಿನ ಅಂಶಕ್ಕೆ ಪರೀಕ್ಷೆ ಮಾಡಿಸುವುದು ಕಡ್ಡಾಯವೆಂದೇ ಎಣಿಸಬೇಕು.