ಬೆಂಗುಳೂರ ಕಾಳಗದ ಬುಟ್ಟಣಪತಿ

ಬೆಂಗಳೂರಿನ ಹೆಸರು ನಮಗೆ ಸಿಕ್ಕಿರುವ ಬರಹಗಳಲ್ಲಿ ಮೊದಲು ಕಾಣಿಸುವುದು ಒಂದು ಸಾವಿನ ಸುದ್ದಿಯಲ್ಲಿ. ಬಿಟಿಎಂ ಲೇಔಟ್‌ನಿಂದ ಬೊಮ್ಮನಹಳ್ಳಿ ದಾಟಿ ಬೇಗೂರು ರಸ್ತೆ ಹಿಡಿದರೆ, ಹೊಂಗಸಂದ್ರದ ಆಚೆ ಬೇಗೂರು ಸಿಗುತ್ತದೆ. ಜನ ಪಂಚಲಿಂಗೇಶ್ವರ ಎಂದು ಕರೆಯುವ ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಆ ಸುದ್ದಿ ಹೊತ್ತ ಕಲ್ಲಿದೆ. ಕಾಲ ಸುಮಾರು ಕ್ರಿ.ಶ. 890. ಬೆಂಗುಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಪತಿ ಸತ್ತ, ನಾಗತ್ತರನ ಮನೆಯ ಆಳು ಪೆರ್ವೋಣಶೆಟ್ಟಿ ಸತ್ತ. ಒಕ್ಕಣೆ ಇಷ್ಟೇ.

ವಯಸ್ಸಿಲ್ಲ, ಎದುರಾಳಿ ಯಾರೆಂದಿಲ್ಲ, ಗೆದ್ದವರು ಯಾರೆಂಬುದೂ ಇಲ್ಲ. ಹೊಗಳಿಕೆಯ ಒಂದು ಮಾತೂ ಇಲ್ಲ. ಶಾಸನಗಳನ್ನು ಓದುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ರಾಜರ ಬಿರುದುಗಳೇ ಹತ್ತು ಸಾಲು ತುಂಬುವ ಕಾಲವದು. ಮನೆಯ ಮಗನನ್ನೂ ಮನೆಯ ಆಳನ್ನೂ ಒಂದೇ ಕಲ್ಲಿನಲ್ಲಿ, ಒಂದೇ ತೂಕದಲ್ಲಿ ಹೆಸರಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಯುರೋಪಿನಲ್ಲಿ ಸಾಮಾನ್ಯ ಸಿಪಾಯಿಯ ಹೆಸರನ್ನು ಕಲ್ಲಿಗೆ ಕಡೆಯುವ ರೂಢಿ ಊರೂರಿಗೂ ಹಬ್ಬಿದ್ದು ಮೊದಲ ಮಹಾಯುದ್ಧದ ಮೇಲೆ. ಆ ಯುದ್ಧದಲ್ಲಿ ಮಡಿದ ಸಿಪಾಯಿಗಳ ಹೆಸರು ಕಡೆದ ಬೆಲ್ಜಿಯಂನ ಮೆನಿನ್ ಗೇಟ್ ತೆರೆದದ್ದು 1927ರಲ್ಲಿ. ಕನ್ನಡ ನಾಡು ಅದನ್ನು ಸಾವಿರ ವರ್ಷ ಮೊದಲೇ ಮಾಡುತ್ತಿತ್ತು, ಹಳ್ಳಿ ಹಳ್ಳಿಯ ವೀರಗಲ್ಲುಗಳಲ್ಲಿ.

ಬುಟ್ಟಣಪತಿಯ ಬದುಕನ್ನು ಅವನ ಅಪ್ಪನ ಕಡೆಯಿಂದಲೇ ನೋಡಬೇಕು. ಬೇಗೂರು ಆಗ ಬೆಂಪೂರು, ಹನ್ನೆರಡು ಹಳ್ಳಿಗಳ ನಾಡಿನ ಮುಖ್ಯ ಊರು. ತಲಕಾಡಿನ ಗಂಗರ ಎರೆಯಪ್ಪ ದೊರೆ. ಅಯ್ಯಪದೇವನೆಂಬವನಿಗೆ ನೆರವಾಗಿ ವೀರಮಹೇಂದ್ರನೆಂಬವನ ಮೇಲೆ ಹೋಗೆಂದು ದೊರೆ ಕಳಿಸಿದ್ದು ನಾಗತ್ತರನನ್ನು. ತುಂಬೆಪಾಡಿಯಲ್ಲಿ ನಡೆದ ಆ ಕಾಳಗದಲ್ಲಿ ಆನೆಗಳ ನಡುವೆ ಕಾದಾಡಿ ನಾಗತ್ತರ ಸತ್ತ. ಅವನ ವೀರಗಲ್ಲು ಬೇಗೂರಿನಿಂದ ಹೋಗಿ ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತಿರ ನಿಂತು ನೋಡಬೇಕು: ಆನೆ, ಕುದುರೆ, ಕಾಲಾಳು, ಬಿದ್ದವರ ಮೈ, ಎಲ್ಲವೂ ಒತ್ತೊತ್ತಾಗಿ ಕಲ್ಲಿನ ತುಂಬ. ಯುದ್ಧವೆಂದರೆ ಉಸಿರಾಡಲು ಜಾಗವಿಲ್ಲದ ನೂಕಾಟ ಎಂಬುದು ಆ ಶಿಲ್ಪಿಗೆ ಗೊತ್ತಿತ್ತು.

ನಾಗತ್ತರ ಬಿದ್ದ ಸುದ್ದಿ ಕೇಳಿ ಎರೆಯಪ್ಪ ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿಸಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಎಂದರೆ ಬಿದ್ದ ವೀರನ ಹೆಸರಿನ ದತ್ತಿಯಾಗಿ, ಕೊಟ್ಟ. ಬುಟ್ಟಣಪತಿ ಬದುಕಿದ್ದರೆ ಆ ಪಟ್ಟ ಅವನ ಹಣೆಗೆ ಬರುತ್ತಿತ್ತೇನೋ ಎಂದು ಮನಸ್ಸು ಹೊಯ್ದಾಡುತ್ತದೆ. ಆ ಮನೆಯ ಇನ್ನೊಂದು ಸಾವೂ ಬೇಗೂರಿನ ಕಲ್ಲಿನಲ್ಲೇ ಇದೆ: ನಾಗತ್ತರನ ಮಗಳು ತೊಂಡಬ್ಬೆ, ಜೈನರ ಉಪವಾಸ ವ್ರತವಾದ ಸಲ್ಲೇಖನ ಕೈಗೊಂಡು ಪ್ರಾಣ ಬಿಟ್ಟವಳು. ಅಪ್ಪ, ಮಗ, ಮಗಳು, ಮೂವರೂ ನಮಗೆ ಉಳಿದಿರುವುದು ಸಾವಿನಿಂದಲೇ.

ಬುಟ್ಟಣಪತಿಯ ಶಾಸನವನ್ನು ಗುರುತಿಸಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್, 1915ರ ಸುಮಾರಿಗೆ, ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ. ಬೆಂಗಳೂರಿಗೆ ಆ ಹೆಸರು ಬಂದ ಬಗೆಯೆಂದು ಹೇಳುವ, ದೊರೆ ವೀರಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಬಡಿಸಿದ ಕಥೆ ಹನ್ನೆರಡನೆಯ ಶತಮಾನದ್ದು. ಈ ಕಲ್ಲು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದು. ಆದರೂ ಶಾಲೆಯ ಮಕ್ಕಳಿಗೆ ಇಂದಿಗೂ ಅಜ್ಜಿ ಗೊತ್ತು, ಬುಟ್ಟಣಪತಿ ಗೊತ್ತಿಲ್ಲ. ಇದು ನನಗೆ ನೋವಿನ ಸಂಗತಿ.

ಬೆಂಗಳೂರು ಬೆಳೆದಂತೆ ಕೆರೆಯ ಏರಿ, ಹೊಲದ ಬದುಗಳಲ್ಲಿದ್ದ ಇಂಥ ಎಷ್ಟೋ ಕಲ್ಲುಗಳು ಪಾಯದೊಳಗೆ ಸೇರಿಹೋದವು. ಉಳಿದವನ್ನು ಕಾಪಾಡಲು ಟೊಂಕ ಕಟ್ಟಿದವರು ಸರ್ಕಾರಕ್ಕಿಂತ ಮೊದಲು ನಾಗರಿಕರು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಬರಿಗಣ್ಣಿಗೆ ಸವೆದು ಮಾಸಿದಂತೆ ಕಾಣುವ ಅಕ್ಷರ ಪರದೆಯ ಮೇಲೆ ಉಳಿಯ ಗೀರಿನ ಸಮೇತ ಎದ್ದು ಬರುತ್ತದೆ. ಈ ಕೆಲಸ ನಡೆಸುತ್ತಿರುವವರಿಗೆ ಊರೇ ಋಣಿಯಾಗಿರಬೇಕು.

ಇನ್ನೊಂದು ಕೆಲಸ ಬಾಕಿ ಇದೆ. ಅಪ್ಪನ ಕಲ್ಲು ಕಸ್ತೂರಬಾ ರಸ್ತೆಯಲ್ಲಿ, ಮಗನ ಕಲ್ಲು ಬೇಗೂರಿನಲ್ಲಿ. ಅಪ್ಪನ ಮೂಲ ಕಲ್ಲನ್ನು ಕದಲಿಸಬೇಕಿಲ್ಲ, ಅದರ ಒಂದು ಅಚ್ಚು ಪ್ರತಿಯನ್ನಾದರೂ ಬೇಗೂರಿಗೆ ತಂದು ಮಗನ ಪಕ್ಕ ನಿಲ್ಲಿಸಿ, ಎರಡರ ಪಾಠವನ್ನೂ ಇಂದಿನ ಕನ್ನಡದಲ್ಲಿ ಫಲಕಕ್ಕೆ ಬರೆಸಬೇಕು. ಜಯನಗರ, ಜೆ.ಪಿ. ನಗರ, ಬನಶಂಕರಿಯ ಶಾಲೆಗಳಿಂದ ಬೇಗೂರು ಅರ್ಧ ದಿನದ ಪ್ರವಾಸ. ರಾಜ್ಯೋತ್ಸವದ ತಿಂಗಳಲ್ಲಿ ಒಂದು ಬಸ್ಸಾದರೂ ಅತ್ತ ಹೊರಡಲಿ.