ಕೌದಿಯ ಮೇಲೆ ಹಾರುವ ಹೆಬ್ಬಾತು



ನಿಮ್ಮ ಮನೆಯಲ್ಲಿ ಕೌದಿ ಇದೆಯಲ್ಲವೇ? ಅದನ್ನು ಒಮ್ಮೆ ಬಿಚ್ಚಿ ಹಾಸಿ ನೋಡಿ. ಒಂದು ತುಂಡು ಅವ್ವನ ಸೀರೆಯದು. ಇನ್ನೊಂದು ಅಪ್ಪನ ಧೋತರದ್ದು. ಮೂಲೆಯ ಕೆಂಪು ಚೂರು ಮಗಳ ಹಳೆಯ ಲಂಗದ್ದು. ಯಾವ ಬಟ್ಟೆ ಯಾರದು ಅಂತ ನೀವು ಬೆರಳಿಟ್ಟು ತೋರಿಸಬಲ್ಲಿರಿ. ಆದರೆ ಆ ಕೌದಿಯನ್ನು ಹೊಲಿದವರು ಯಾರು? ಯಾವ ವರ್ಷ ಹೊಲಿದರು?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪ್ರಶ್ನೆ ಕೇಳಿದೆವು. ಒಬ್ಬ ಅಕ್ಕ ಮನೆಯಿಂದ ಕೌದಿ ತಂದಿದ್ದರು. ತುಂಬಾ ಹಳೆಯದು. ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. "ನಮ್ಮ ಅತ್ತಿಯವರ ಅತ್ತಿ ಹೊಲದದ್ದಂತ್ರಿ. ಅವರ ಹೆಸರು ನಂಗ ಗೊತ್ತಿಲ್ರಿ" ಅಂದರು. ಕೌದಿ ಉಳಿದಿತ್ತು, ಹೆಸರು ಉಳಿದಿರಲಿಲ್ಲ.

ಕೌದಿಯಂಥ ಹೊದಿಕೆ ಬೇರೆ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ಅದಕ್ಕೆ ಕ್ವಿಲ್ಟ್ ಅನ್ನುತ್ತಾರೆ. ಅಲ್ಲಿನ ಹೆಂಗಸರು ಬಟ್ಟೆಯ ಚೂರುಗಳಿಂದ ನೂರಾರು ವಿನ್ಯಾಸ ಮಾಡಿದ್ದಾರೆ. ಅವುಗಳಲ್ಲಿ ಒಂದಕ್ಕೆ ಹಕ್ಕಿಯ ಹೆಸರು. ‘ಫ್ಲೈಯಿಂಗ್ ಗೀಸ್’ ಅಂತ. ಅಂದರೆ ‘ಹಾರುವ ಹೆಬ್ಬಾತುಗಳು’. ಅದರ ಕಥೆಯನ್ನೂ ಅದನ್ನು ಹೊಲಿಯುವ ಬಗೆಯನ್ನೂ ಈ ಪಾಠದಲ್ಲಿ ನೋಡೋಣ.

ಹೆಬ್ಬಾತು ಯಾವ ಹಕ್ಕಿ?

ಹೆಬ್ಬಾತು ಬಾತುಕೋಳಿಯ ಜಾತಿಯದೇ. ಮೈ ದೊಡ್ಡದು, ಕುತ್ತಿಗೆ ಉದ್ದ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯದ ಆಚೆಯಿಂದ, ಅಷ್ಟು ಎತ್ತರದ ಬೆಟ್ಟ ದಾಟಿ ಬರುತ್ತವೆ. ಬಿಸಿಲು ಏರುವ ಹೊತ್ತಿಗೆ ತಿರುಗಿ ಹೋಗುತ್ತವೆ.

ಅಮೆರಿಕದ ಹೆಬ್ಬಾತು ಬೇರೆ ಬಗೆಯದು. ಅದರ ತಲೆ, ಕುತ್ತಿಗೆ ಕಪ್ಪು. ಗಲ್ಲದ ಮೇಲೆ ಬಿಳಿ ಮಚ್ಚೆ. ಆದರೆ ಬದುಕುವ ರೀತಿ ಒಂದೇ. ಚಳಿ ಬಂದರೆ ತೆಂಕಣಕ್ಕೆ ಹಾರುತ್ತದೆ, ಚಳಿ ಹೋದರೆ ಬಡಗಣಕ್ಕೆ. ಹಾರುವಾಗ ಒಂದು ಮುಂದೆ, ಉಳಿದವು ಎರಡೂ ಬದಿಗೆ ಸಾಲಾಗಿ ಹಿಂದೆ. ಕೆಳಗೆ ನಿಂತು ನೋಡಿದರೆ ಆಕಾಶದಲ್ಲಿ ಬಾಣದ ಮೊನೆ ಇಟ್ಟ ಹಾಗೆ ಕಾಣುತ್ತದೆ.

ಹೊಲಿಗೆಯಲ್ಲೂ ಅದೇ ಮೊನೆ. ಬಣ್ಣದ ಒಂದು ದೊಡ್ಡ ಮುಮ್ಮೂಲೆ ತುಂಡು, ಅದು ಹೆಬ್ಬಾತು. ಅದರ ಎರಡು ಬದಿಗೆ ತಿಳಿ ಬಣ್ಣದ ಎರಡು ಸಣ್ಣ ಮುಮ್ಮೂಲೆ ತುಂಡು, ಅದು ಆಕಾಶ. ಮೂರೂ ಸೇರಿ ಒಂದು ಪಟ್ಟಿ. ಕೊಕ್ಕಿಲ್ಲ, ರೆಕ್ಕೆ ಇಲ್ಲ, ಕಣ್ಣಿಲ್ಲ. ಅಂಥ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರೆ ಮಾತ್ರ ಹಕ್ಕಿಗಳು ಹಾರತೊಡಗುತ್ತವೆ. ಇಷ್ಟು ಕಡಿಮೆ ಬಟ್ಟೆಯಲ್ಲಿ ಇಷ್ಟು ಹೇಳುವ ವಿನ್ಯಾಸ ಇನ್ನೊಂದಿಲ್ಲ ಅಂತ ನಮಗೆ ಅನ್ನಿಸುತ್ತದೆ.

ಬಟ್ಟೆ ಎಲ್ಲಿಂದ ಬಂತು?

ಮೊದಮೊದಲು ಅಮೆರಿಕದ ಅನುಕೂಲಸ್ಥರ ಮನೆಯ ಕ್ವಿಲ್ಟುಗಳಲ್ಲಿ ನಮ್ಮ ದೇಶದ ಬಟ್ಟೆ ಇತ್ತು. ನಮ್ಮ ಪೂರ್ವ ಕರಾವಳಿಯಲ್ಲಿ ಹೂಬಳ್ಳಿ ಬರೆದು ಬಣ್ಣ ಹಾಕಿದ ಹತ್ತಿ ಬಟ್ಟೆ ಹಡಗು ಹತ್ತಿ ಅಲ್ಲಿಯವರೆಗೆ ಹೋಗಿತ್ತು. ಹತ್ತಿ ಬಟ್ಟೆಗೆ ಅವರು ‘ಕ್ಯಾಲಿಕೊ’ ಅನ್ನುತ್ತಾರೆ. ಅದು ಕೇರಳದ ಕ್ಯಾಲಿಕಟ್, ಅಂದರೆ ಕೋಳಿಕ್ಕೋಡ್ ಊರಿನ ಹೆಸರಿನಿಂದ ಬಂದ ಮಾತು.

1800 ಆದ ಮೇಲೆ ಅಮೆರಿಕದಲ್ಲೇ ಬಟ್ಟೆ ಗಿರಣಿಗಳು ಹೆಚ್ಚಿದವು. ಅಚ್ಚು ಹಾಕಿದ ಬಟ್ಟೆ ಅಗ್ಗವಾಯಿತು. ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ? ತೆಂಕಣ ಸೀಮೆಯ ಹೊಲಗಳಿಂದ. ಅಲ್ಲಿ ಹತ್ತಿ ಬಿಡಿಸಿದವರು ಆಫ್ರಿಕದಿಂದ ಹಿಡಿದು ತಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಅವರನ್ನು ದನಗಳ ಹಾಗೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಗುಲಾಮರು ಅಂತ ಕರೆಯುತ್ತಿದ್ದರು. ಈ ಪದ್ಧತಿ ಕಾನೂನಿನಿಂದ ಕೊನೆಗೊಂಡದ್ದು 1865 ರಲ್ಲಿ. ಹಾಗಾಗಿ ಆ ಕಾಲದ ಚೆಂದದ ಕ್ವಿಲ್ಟನ್ನು ನೋಡುವಾಗ ಅದರ ಹತ್ತಿಯನ್ನು ಬಿಡಿಸಿದ ಕೈಯನ್ನೂ ನಾವು ನೆನೆಯಬೇಕು.

ಕೌದಿಗೂ ಕ್ವಿಲ್ಟಿಗೂ ಒಂದು ವ್ಯತ್ಯಾಸ ಇದೆ. ನಾವು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಚೂರುಗಳನ್ನಿಟ್ಟು, ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತೇವೆ. ಅವರು ಮೊದಲು ಚೂರುಗಳನ್ನು ಸೇರಿಸಿ ಸಣ್ಣ ಸಣ್ಣ ಚೌಕ ಮಾಡಿಕೊಳ್ಳುತ್ತಾರೆ. ಚೌಕವನ್ನು ತೊಡೆಯ ಮೇಲಿಟ್ಟು ಹೊಲಿಯಬಹುದು. ಒಲೆಯ ಮುಂದೆ ಕೂತು, ಮಗುವಿನ ತೊಟ್ಟಿಲು ತೂಗುತ್ತಾ ದಿನಕ್ಕೊಂದು ಮಾಡಬಹುದು. ಸಾಕಷ್ಟು ಚೌಕ ಆದ ಮೇಲೆ ಎಲ್ಲ ಸೇರಿಸಿ, ನಡುವೆ ಹತ್ತಿ ಹರಡಿ, ಕೆಳಗೆ ಅಸ್ತರು ಕೊಟ್ಟು, ಮೂರೂ ಪದರ ಹಿಡಿಯುವಂತೆ ಹೊಲಿಗೆ ಹಾಕುತ್ತಾರೆ. ಆ ಕೊನೆಯ ಕೆಲಸಕ್ಕೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಮರದ ಚೌಕಟ್ಟಿನ ಸುತ್ತ ಕೂತು ಹೊಲಿಗೆಯೂ ಆಗುತ್ತಿತ್ತು, ಊರ ಸುದ್ದಿಯೂ ಆಗುತ್ತಿತ್ತು. ನಮ್ಮ ಕಟ್ಟೆಯ ಹಾಗೇ ಅನ್ನಿ.

ಗುಟ್ಟಿನ ಗುರುತು ಎಂಬ ಕಥೆ

ಹಾರುವ ಹೆಬ್ಬಾತಿನ ಬಗ್ಗೆ ಒಂದು ಕಥೆ ಬಹಳ ಹಬ್ಬಿದೆ. ಗುಲಾಮರು ತಪ್ಪಿಸಿಕೊಂಡು ಬಡಗಣ ಸೀಮೆಗೆ ಓಡಿಹೋಗುತ್ತಿದ್ದರು. ಅದು ನಿಜ. ದಾರಿಯಲ್ಲಿ ಅವರಿಗೆ ನೆರವಾಗುವ ಜನ ಇದ್ದರು. ಅದೂ ನಿಜ. ಕಥೆ ಹೇಳುವುದು ಇದನ್ನು: ನೆರವಾಗುವ ಮನೆಯವರು ಬೇಲಿಯ ಮೇಲೆ ಕ್ವಿಲ್ಟ್ ಹಾಕುತ್ತಿದ್ದರು. ಅದರಲ್ಲಿ ಹೆಬ್ಬಾತಿನ ಮೊನೆ ಯಾವ ಕಡೆಗಿದೆಯೋ ಆ ಕಡೆಗೆ ಓಡಬೇಕು ಅಂತ ಗುರುತು.

1999 ರಲ್ಲಿ ಒಂದು ಪುಸ್ತಕ ಈ ಕಥೆಯನ್ನು ಹೇಳಿತು. ಶಾಲೆಗಳಲ್ಲಿ ಮಕ್ಕಳಿಗೂ ಕಲಿಸಿದರು. ಕೇಳಿದಾಗ ನಮಗೂ ಮೈ ಜುಮ್ಮೆಂದಿತು. ಆದರೆ ಇತಿಹಾಸ ಬಲ್ಲವರು ಒಪ್ಪುವುದಿಲ್ಲ. ತಪ್ಪಿಸಿಕೊಂಡು ಬಂದ ಹಲವರು ತಮ್ಮ ಬಾಳಿನ ಕಥೆ ಬರೆದಿದ್ದಾರೆ. ಹಿಂದೆ ಗುಲಾಮರಾಗಿದ್ದ 2,000 ಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತನ್ನು 1930 ರ ದಶಕದಲ್ಲಿ ಬರೆದುಕೊಂಡಿದ್ದಾರೆ. ಅದರಲ್ಲಿ ಕ್ವಿಲ್ಟಿನ ಈ ಗುಟ್ಟಿನ ಗುರುತು ಕಾಣುವುದಿಲ್ಲ.

ಹಾಗಾದರೆ ಕಥೆ ಯಾಕೆ ಹಬ್ಬಿತು? ನಮಗೆ ತೋಚುವುದು ಇಷ್ಟು. ಹೊಲಿದ ಹೆಂಗಸರು ಏನನ್ನೂ ಬರೆದಿಡಲಿಲ್ಲ. ಬರೆಯಲು ಬಿಡಲಿಲ್ಲ ಅನ್ನುವುದೇ ಸರಿ. ತೆಂಕಣ ಸೀಮೆಯ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಕ್ವಿಲ್ಟ್ ಇದೆ, ಹೊಲಿದವಳ ಮಾತಿಲ್ಲ. ಆ ಖಾಲಿ ಜಾಗದಲ್ಲಿ ಮುಂದಿನವರು ತಮಗೆ ಬೇಕಾದ ಕಥೆ ತುಂಬಿದರು.

ಹೆಸರು ಉಳಿದ ಒಬ್ಬಾಕೆ

ಎಲ್ಲರ ಹೆಸರೂ ಅಳಿದಿಲ್ಲ. ಹ್ಯಾರಿಯೆಟ್ ಪವರ್ಸ್ ಎಂಬಾಕೆ 1837 ರಲ್ಲಿ ಜಾರ್ಜಿಯ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದಳು. ಬಿಡುಗಡೆಯಾದ ಮೇಲೆ ಬೈಬಲ್ಲಿನ ಕಥೆಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಒಂದು ಕ್ವಿಲ್ಟಿನ ಮೇಲೆ ಹೊಲಿದಳು. ಅದರಲ್ಲಿ 11 ಚಿತ್ರ. ಏಸುವಿನ ದೀಕ್ಷೆಯ ಚಿತ್ರದಲ್ಲಿ ಪಾರಿವಾಳವೂ ಇದೆ. 1886 ರಲ್ಲಿ ಹತ್ತಿಯ ಜಾತ್ರೆಯಲ್ಲಿ ಅದನ್ನು ತೋರಿಸಿದಳು. ಚಿತ್ರಕಲೆಯ ಟೀಚರೊಬ್ಬರು, ಜೆನ್ನಿ ಸ್ಮಿತ್, ಅದನ್ನು ಕೊಳ್ಳಲು ಮುಂದಾದರು. ಈಕೆ ಕೊಡಲಿಲ್ಲ.

ಕೆಲವು ವರ್ಷ ಕಳೆದವು. ಸಂಸಾರಕ್ಕೆ ಕಷ್ಟ ಬಂತು. ಈಕೆಯೇ ಕ್ವಿಲ್ಟ್ ಹೊತ್ತು ಟೀಚರ ಮನೆಗೆ ಹೋದಳು. 10 ಡಾಲರ್ ಕೇಳಿದಳು. ಸಿಕ್ಕಿದ್ದು 5 ಡಾಲರ್. ಕೊಡುವ ಮುಂಚೆ ಒಂದೊಂದು ಚಿತ್ರದ ಅರ್ಥವನ್ನೂ ಬಿಡಿಸಿ ಹೇಳಿದಳು. ಟೀಚರು ಬರೆದುಕೊಂಡರು. ಆಮೇಲೂ ಆಕೆ ತನ್ನ ಕ್ವಿಲ್ಟನ್ನು ನೋಡಲು ಹಲವು ಸಲ ಹೋಗುತ್ತಿದ್ದಳಂತೆ. ಇವತ್ತು ಅದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಈಕೆಗೆ ಓದು ಬರಹ ಬರುತ್ತಿರಲಿಲ್ಲ ಅಂತಲೇ ಬಹಳ ಕಾಲ ತಿಳಿದಿದ್ದರು. 1896 ರಲ್ಲಿ ಆಕೆ ಬರೆದ ಒಂದು ಪತ್ರದ ವಿಷಯ 2009 ರಲ್ಲಿ ಹೊರಗೆ ಬಂತು. ಓದಲು ಕಲಿತದ್ದನ್ನೂ, ಇನ್ನೂ ಕೆಲವು ಕ್ವಿಲ್ಟ್ ಹೊಲಿದದ್ದನ್ನೂ ಆಕೆ ಅದರಲ್ಲಿ ತಿಳಿಸಿದ್ದಾಳೆ. ಈ ಭಾಗವನ್ನು ಓದಿ ಹೇಳಿದಾಗ ನಮ್ಮ ಕೇಂದ್ರದಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, "ಐದs ಡಾಲರ್ ಕೊಟ್ಟರs?" ಅಂದರು.

ನಾವೂ ಹೊಲಿಯೋಣ

ಮೊದಲು ಒಂದು ಹೆಬ್ಬಾತು ಮಾಡೋಣ. ಬಟ್ಟೆಯನ್ನು ತೊಳೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಹೊಸ ಬಟ್ಟೆಯನ್ನು ತೊಳೆಯದೆ ಹೊಲಿದರೆ ಆಮೇಲೆ ಕುಗ್ಗುತ್ತದೆ, ಬಣ್ಣವೂ ಬಿಡಬಹುದು.

ಬಣ್ಣದ ಬಟ್ಟೆಯಲ್ಲಿ 4½ ಇಂಚು ಉದ್ದ, 2½ ಇಂಚು ಅಗಲದ ಒಂದು ತುಂಡು ಕತ್ತರಿಸಿ. ಬಿಳಿ ಬಟ್ಟೆಯಲ್ಲಿ 2½ ಇಂಚಿನ ಎರಡು ಚೌಕ ಕತ್ತರಿಸಿ. ರಟ್ಟಿನಲ್ಲಿ ಅಳತೆ ಮಾಡಿಟ್ಟುಕೊಂಡರೆ ಪ್ರತಿ ಸಲ ಟೇಪು ಹಿಡಿಯಬೇಕಾಗಿಲ್ಲ. ಅರ್ಧ ಇಂಚು ಯಾಕೆ ಹೆಚ್ಚು? ಸುತ್ತಲೂ ಕಾಲು ಇಂಚು ಹೊಲಿಗೆಯ ಒಳಗೆ ಹೋಗುತ್ತದೆ. ಈ ಕಡೆ ಕಾಲು, ಆ ಕಡೆ ಕಾಲು, ಸೇರಿ ಅರ್ಧ. ಎಲ್ಲ ಮುಗಿದಾಗ ನಮ್ಮ ಹೆಬ್ಬಾತು 4 ಇಂಚು ಉದ್ದ, 2 ಇಂಚು ಎತ್ತರ ಇರುತ್ತದೆ.

ಬಣ್ಣದ ತುಂಡನ್ನು ಅಡ್ಡಲಾಗಿ ಹಾಸಿ. ಅದರ ಬಲ ತುದಿಗೆ ಒಂದು ಬಿಳಿ ಚೌಕ ಇಡಿ. ಎರಡರ ಚೆಂದದ ಮುಖವೂ ಒಳಗೆ ಇರಬೇಕು. ಚೌಕದ ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆಯ ಮೇಲೆಯೇ ಹೊಲಿಯಿರಿ. ಗೆರೆಯಿಂದ ಕಾಲು ಇಂಚು ಬಿಟ್ಟು, ಹೊರಗಿನ ಮೂಲೆಯನ್ನು ಕತ್ತರಿಸಿ ತೆಗೆಯಿರಿ. ಬಿಳಿ ಬಟ್ಟೆಯನ್ನು ಹೊರಳಿಸಿ, ಬೆರಳಿನಿಂದ ಒತ್ತಿ. ಒಂದು ಕಡೆಯ ಆಕಾಶ ಆಯಿತು. ಎಡ ತುದಿಗೂ ಹೀಗೆಯೇ ಮಾಡಿ. ಅಲ್ಲಿ ಗೆರೆ ಮೇಲಿನ ಬಲ ಮೂಲೆಯಿಂದ ಕೆಳಗಿನ ಎಡ ಮೂಲೆಗೆ. ಓರೆಯಾಗಿ ಕತ್ತರಿಸಿದ ಅಂಚನ್ನು ಎಳೆಯಬೇಡಿ, ಹಿಗ್ಗಿಬಿಡುತ್ತದೆ.

ಈಗ ನೋಡಿ, ಹೆಬ್ಬಾತಿನ ತುದಿ ಬಟ್ಟೆಯ ಅಂಚಿಗೆ ಮುಟ್ಟುವುದಿಲ್ಲ. ಕಾಲು ಇಂಚು ಕೆಳಗೆ ನಿಂತಿದೆ. "ತಪ್ಪಾಗೇದ" ಅಂತ ನಾವು ಮೊದಲ ಸಲ ಮೇಲಿನ ಆ ಕಾಲು ಇಂಚನ್ನು ಕತ್ತರಿಸಿಬಿಟ್ಟೆವು! ಆಮೇಲೆ ಒಂದಕ್ಕೊಂದು ಜೋಡಿಸಿದಾಗ ಎಲ್ಲ ಹೆಬ್ಬಾತುಗಳ ಕೊಕ್ಕೂ ಹೊಲಿಗೆಯೊಳಗೆ ಮುಳುಗಿಹೋದವು. ಅಷ್ಟನ್ನೂ ಬಿಚ್ಚಬೇಕಾಯಿತು. ಆ ಕಾಲು ಇಂಚು ಬೇಕು. ಎರಡು ಓರೆ ಹೊಲಿಗೆ ಒಂದನ್ನೊಂದು ದಾಟುವ ಜಾಗ ಇದೆಯಲ್ಲ, ಜೋಡಿಸುವ ಹೊಲಿಗೆ ಸರಿಯಾಗಿ ಅದರ ಮೇಲೆ ಹಾಯಬೇಕು. ಆಗ ಕೊಕ್ಕು ಚೂಪಾಗಿ ನಿಲ್ಲುತ್ತದೆ.

ಇಂಥ 8 ಹೆಬ್ಬಾತು ಮಾಡಿಕೊಳ್ಳಿ. ಒಂದರ ಮೇಲೊಂದು ಜೋಡಿಸಿದರೆ 16 ಇಂಚು ಉದ್ದದ ಸಾಲು. ಎಲ್ಲವೂ ಒಂದೇ ಕಡೆಗೆ ಹಾರುತ್ತವೆ. ಇಲ್ಲವೇ ಎರಡೆರಡು ಜೋಡಿಸಿ. ಎರಡು ಹೆಬ್ಬಾತು ಸೇರಿದರೆ 4 ಇಂಚಿನ ಚೌಕ. ಅಂಥ ನಾಲ್ಕು ಚೌಕವನ್ನು ಒಂದೊಂದು ದಿಕ್ಕಿಗೆ ತಿರುಗಿಸಿಟ್ಟು ಸೇರಿಸಿದರೆ 8 ಇಂಚಿನ ದೊಡ್ಡ ಚೌಕ, ಗಾಳಿಪಂಕದ ಹಾಗೆ ಸುತ್ತುತ್ತದೆ. ಅದಕ್ಕೆ ಅಮೆರಿಕದವರು ‘ಡಚ್ಚನ ಒಗಟು’ ಎಂಬ ಹೆಸರಿಟ್ಟಿದ್ದಾರೆ. ಯಾವ ಡಚ್ಚನೋ, ಏನು ಒಗಟೋ!

ಇನ್ನೊಂದು ಕೆಲಸ ಉಳಿದಿದೆ. 1840 ರ ಸುಮಾರಿಗೆ ಅಮೆರಿಕದಲ್ಲಿ ಕ್ವಿಲ್ಟಿನ ಚೌಕಗಳ ಮೇಲೆ ಮಸಿಯಿಂದ ಹೆಸರು ಬರೆಯುವ ರೂಢಿ ಬಂತು. ಗೆಳತಿಯೊಬ್ಬಳು ದೂರದ ಊರಿಗೆ ಹೊರಟರೆ, ಉಳಿದವರು ತಮ್ಮ ತಮ್ಮ ಹೆಸರಿನ ಚೌಕಗಳನ್ನು ಸೇರಿಸಿ ಹೊಲಿದು ಕೊಡುತ್ತಿದ್ದರು. ನಮ್ಮ ಕೇಂದ್ರದ ಅಕ್ಕಂದಿರು ಮಸಿ ಬೇಡ ಅಂದರು, ತೊಳೆದರೆ ಹೋಗುತ್ತದೆ ಅಂತ. ಕೌದಿಯ ಹಿಂಬದಿಯ ಮೂಲೆಗೆ ಅಂಗೈ ಅಗಲದ ಬಿಳಿ ಬಟ್ಟೆ ಹೊಲಿದರು. ಅದರ ಮೇಲೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆದರು. ಬರೆದ ಗೆರೆಯ ಮೇಲೆ ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕಿದರು. ಅತ್ತೆಯ ಅತ್ತೆಯ ಕೌದಿ ತಂದಿದ್ದ ಅಕ್ಕ, ತಮ್ಮ ಹೆಸರು ಹೊಲಿದರು. ಅದರ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದಾರೆ, ಹಿರಿಯರನ್ನು ಕೇಳಿಕೊಂಡು ಬರುತ್ತಾರಂತೆ.

ನೀವು ಹೆಸರು ಹೊಲಿಯುವಾಗ ಅಕ್ಷರಗಳ ಕೆಳಗೆ ಎರಡು ಬೆರಳು ಜಾಗ ಬಿಡಿ. ಬಸವ್ವ, ಯಲ್ಲವ್ವ, ರತ್ನಮ್ಮ, ಹೀಗೆ ಒತ್ತಕ್ಷರ ಬಂದಲ್ಲಿ ಬಟ್ಟೆ ಸಾಲುವುದಿಲ್ಲ.